ಬೀಗರ ಮುಂದೆ ಆಕಳಿಕೆ

ಲಕ್ಷ್ಮೇಶ್ವರದ ಕಾಳಿನ ಪೇಟೆಯಲ್ಲಿ ಗದಿಗೆವ್ವನ ಬಾಯಿಗೆ ಅಂಜದ ದಲಾಲಿ ಇರಲಿಲ್ಲ. ಗಂಡ ತೀರಿಕೊಂಡ ಮೇಲೆ ಒಂಬತ್ತು ವರ್ಷ ಅಂಗಡಿಯ ಗಾದಿಯ ಮೇಲೆ ಕೂತು ವ್ಯಾಪಾರ ನಡೆಸಿದವಳು ಅವಳೇ. ಚೀಲಕ್ಕೆ ಕೈಹಾಕಿ ಒಂದು ಹಿಡಿ ಜೋಳ ತೆಗೆದು, ಮೂಸಿ, ಎರಡು ಕಾಳು ಹಲ್ಲಿಗೆ ಕೊಟ್ಟು ಬೇಡ ಅಂದಳೆಂದರೆ, ಆ ಮಾಲು ಪೇಟೆಯ ಈ ತುದಿಯಿಂದ ಆ ತುದಿಯವರೆಗೆ ಯಾರಿಗೂ ಬೇಡವಾಗುತ್ತಿತ್ತು. ಲಾರಿ ಡ್ರೈವರುಗಳನ್ನು ಹೆಸರು ಹಿಡಿದು ಬೈಯುವಳು, ಹಮಾಲರ ಜೊತೆ ನಿಂತು ಚಹಾ ಕುಡಿಯುವಳು. ನಕ್ಕರೆ ಮೂರು ಅಂಗಡಿಯ ಆಚೆ ಕೇಳಿಸುತ್ತಿತ್ತು.

ಅಂಥವಳ ಬಾಯಿ ಕಟ್ಟಿದ್ದು ಒಂದೇ ಮನೆತನ, ಮುಂಡರಗಿಯ ಬೀಗರದು. ಅಲ್ಲಿಯ ಜಮೀನುದಾರ ಚನ್ನಬಸವಣ್ಣನವರ ಮಗ ನಂದೀಶನಿಗೆ ಅವಳು ತನ್ನ ಒಬ್ಬಳೇ ಮಗಳು ವಾಣಿಶ್ರೀಯನ್ನು ಕೊಟ್ಟು ಮೂರು ವರ್ಷವಾಗಿತ್ತು. ಮದುವೆಯ ದಿನ ಹಂದರದಲ್ಲಿ ಯಾರೋ ಏನೋ ಚಾಷ್ಟಿ ಮಾಡಿದರು, ಗದಿಗೆವ್ವ ತಾನು ಯಾವಾಗಲೂ ನಗುವ ಹಾಗೆ ನಕ್ಕಳು. ಚನ್ನಬಸವಣ್ಣನವರ ಹೆಂಡತಿ ಆಗ ಏನೂ ಅನ್ನಲಿಲ್ಲ. ಆಮೇಲೆ ಒಂದು ವರ್ಷ ಸೊಸೆ ರೊಟ್ಟಿ ಬಡಿಯಲು ಕೂತಾಗಲೆಲ್ಲ ಅಂದರು: "ನಿಮ್ಮವ್ವ ನಕ್ಕರ ಕಿರುನಾಲಿಗಿ ಕಾಣತೈತಿ." ವಾಣಿಶ್ರೀ ಒಮ್ಮೆ ಫೋನಿನಲ್ಲಿ ಅಳುತ್ತ ಇದನ್ನು ತಾಯಿಗೆ ಹೇಳಿಬಿಟ್ಟಳು. ಅಂದಿನಿಂದ ಮುಂಡರಗಿಯವರ ಎದುರು ಗದಿಗೆವ್ವ ತಲೆ ತುಂಬ ಸೆರಗು ಹೊದ್ದು, ಜಮಖಾನೆಯ ಅಂಚಿಗೆ ಕೂತು, ಅರ್ಧ ಕಪ್ಪು ಚಹಾವನ್ನು ಸದ್ದಿಲ್ಲದೆ ಕುಡಿದು ಎದ್ದು ಬರುತ್ತಿದ್ದಳು. ನನ್ನನ್ನು ಕೇಳಿದರೆ ಇದು ಅತಿಯಾಯಿತು. ಆದರೆ ಮಗಳನ್ನು ಕೊಟ್ಟವರು ಯಾರೂ ನನ್ನಂಥವರನ್ನು ಕೇಳಿ ನಡೆದುಕೊಳ್ಳುವುದಿಲ್ಲ.

ಅವಳ ಕಸುಬಿನ ಅರ್ಧ ಬಾಯಲ್ಲಿದ್ದರೆ ಇನ್ನರ್ಧ ಅಂಗಾಲಿನಲ್ಲಿತ್ತು. ಅವಳ ಗೋದಾಮಿನಲ್ಲಿ ಯಾರೂ ಚಪ್ಪಲಿ ಮೆಟ್ಟುವಂತಿಲ್ಲ, ಕಾಳು ತುಳಿಯುವುದಾದರೆ ಬರಿಗಾಲಲ್ಲೇ ತುಳಿಯಬೇಕು. ಅಂಗಳದಲ್ಲಿ ಜೋಳ ಹರವಿದರೆ ಅದರ ನಡುವೆ ಕಾಲೆಳೆಯುತ್ತ ಸಾಲು ಬಿಡಿಸಿಕೊಂಡು ನಡೆಯುವಳು, ಅಡಿಯ ಕಾಳು ಮೇಲೆ ಬಂದು ಬಿಸಿಲು ಕಾಣಲಿ ಎಂದು. ಇನ್ನೆಷ್ಟು ಒಣಗಬೇಕು ಎನ್ನುವುದು ಹಾಗೆ ನಡೆಯುವಾಗಲೇ ಅವಳಿಗೆ ತಿಳಿಯುತ್ತಿತ್ತು. ಹನ್ನೆರಡು ವರ್ಷದ ಸಕ್ಕರೆ ಕಾಯಿಲೆ ಆ ಅಂಗಾಲಿನ ಅರಿವನ್ನು ಯಾವಾಗ ಕಸಿದುಕೊಂಡಿತೋ, ಅವಳು ಯಾರಿಗೂ ಹೇಳಲಿಲ್ಲ. ಕಣ್ಣಂದಾಜಿನಲ್ಲೇ ಇನ್ನೊಂದು ಬಿಸಿಲು ಬೇಕು, ಬೇಡ ಎಂದು ಹೇಳುತ್ತ ದಿನ ದೂಡಿದಳು. ಕಳೆದ ದೀಪಾವಳಿಯ ಮೇಲೆ ಚೀಲ ಹೊಲಿಯುವ ದಬ್ಬಣ ಮುರಿದು ಅದರ ಅರ್ಧ ತುಂಡು ಕಾಳಿನಲ್ಲಿ ಕಳೆಯಿತು. ಎರಡು ದಿನ ಎಲ್ಲರೂ ಅದನ್ನು ಹುಡುಕಿದರು, ಗದಿಗೆವ್ವ ಎಲ್ಲರನ್ನೂ ಬೈಯುತ್ತ ತಾನೂ ಓಡಾಡಿ ಹುಡುಕಿದಳು. ಮೂರನೆಯ ದಿನ ಕಸ ಹೊಡೆಯುವ ಮರಿಯವ್ವ, ಗಾದಿಯ ಮೇಲೆ ಕಾಲು ಚಾಚಿ ಕೂತಿದ್ದ ಗದಿಗೆವ್ವನ ಬಲ ಅಂಗಾಲಿನಲ್ಲಿ ಅದು ಮಿಂಚುವುದನ್ನು ಕಂಡಳು.

ಗದಗದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಆದರೂ ಗಾಯ ಮಾಯಲಿಲ್ಲ. ಡಾಕ್ಟರು ಕೊನೆಗೆ ಬಿಚ್ಚಿ ಹೇಳಿದರು: ಒತ್ತಡದ ಕೋಣೆಯಲ್ಲಿ ಕೂಡಿಸಿ ಶುದ್ಧ ಆಕ್ಸಿಜನ್ ಕೊಡುವ ಚಿಕಿತ್ಸೆ ಒಂದಿದೆ, ಮೂವತ್ತು ಸಲ ಕೂಡಬೇಕು. ಅದರಿಂದ ಗಾಯ ಕೆಂಪಗಾದರೆ ಕಾಲು ಉಳಿಯಿತು, ಇಲ್ಲವಾದರೆ ಇಲ್ಲಿ ಎಂದು ಅವಳ ಹರಡಿನ ಮೇಲೆ, ಪಾದದ ಗಂಟಿಗೆ, ಪೆನ್ನಿನಿಂದ ಒಂದು ಗೀಟು ಎಳೆದು ತೋರಿಸಿದರು. ಕಾಲಿಲ್ಲದೆ ಕಾಳಿನ ನಡುವೆ ತಾನು ಏನು, ಕುರ್ಚಿಯ ಮೇಲೆ ಕೂಡಿಸಿದ ಒಂದು ಚೀಲ ಎಂದು ಗದಿಗೆವ್ವನಿಗೆ ಅನಿಸಿತು. ಮೂವತ್ತಲ್ಲ, ಮುನ್ನೂರು ಸಲ ಬೇಕಾದರೂ ಕೂಡುತ್ತೇನೆ ಅಂದಳು.

ಆ ಕೋಣೆಗೆ ರೋಗಿಗಳು ಗಾಳಿ ಟಾಕಿ ಎಂದು ಹೆಸರಿಟ್ಟಿದ್ದರು. ಉಕ್ಕಿನ ದೊಡ್ಡ ಉರುಳೆ, ಬಿಳಿ ಬಣ್ಣ, ತಾಟಿನಷ್ಟು ಅಗಲದ ಎರಡು ದುಂಡನೆಯ ಕಿಟಕಿ. ಒಳಗೆ ಎದುರುಬದುರು ಎರಡು ಬಾಕು, ಎಂದರೆ ಬೆಂಚು, ಬಾಕಿಗೆ ಮೂವರು. ಕೂತರೆ ಈಚೆಯವರ ಮೊಣಕಾಲಿಗೂ ಆಚೆಯವರ ಮೊಣಕಾಲಿಗೂ ನಡುವೆ ಒಂದು ಗೇಣು. ಫೋನು, ಬಂಗಾರ, ಬೆಳ್ಳಿ, ಎಣ್ಣೆ, ಟೆರಿಕಾಟ್ ಏನೂ ಒಳಗೆ ಬರುವಂತಿಲ್ಲ. ಎಲ್ಲರಿಗೂ ಆಸ್ಪತ್ರೆಯ ಹತ್ತಿಯ ಅಂಗಿ. ಹೊರಗೆ ಯಂತ್ರದ ಗುಂಡಿಗಳ ಮುಂದೆ ಆಪರೇಟರ್ ಅಯ್ಯೂಬ ಕೂಡುತ್ತಿದ್ದ. ಒಳಗೆ ರೋಗಿಗಳ ಜೊತೆ ನರ್ಸ್ ಸಾಯಿಮಾ. ಬಾಗಿಲು ಮುಚ್ಚಿದ ಮೇಲೆ ಹುಸ್ಸೆಂದು ಹವೆ ನುಗ್ಗುತ್ತಿತ್ತು, ಕೋಣೆ ಬಿಸಿಯಾಗುತ್ತಿತ್ತು. ಹದಿನೈದು ನಿಮಿಷದಲ್ಲಿ ಬೇಕಾದಷ್ಟು ಒತ್ತಡ ಏರಿದ ಮೇಲೆ ಮುಖಕ್ಕೆ ಮಾಸ್ಕು, ಒಂದೂವರೆ ತಾಸು ಆಕ್ಸಿಜನ್ನು, ಆಮೇಲೆ ನಿಧಾನಕ್ಕೆ ಇಳಿಸಿ ಹೊರಗೆ. ಒಮ್ಮೆ ಮುಚ್ಚಿದ ಬಾಗಿಲನ್ನು ಒತ್ತಡ ಇಳಿಯುವವರೆಗೆ ಒಳಗಿನವರೂ ಹೊರಗಿನವರೂ ತೆಗೆಯಲಾಗುವುದಿಲ್ಲ ಎಂದು ಮೊದಲ ದಿನವೇ ಹೇಳಿದ್ದರು.

ಕಷ್ಟವೆಲ್ಲ ಆ ಮೊದಲ ಹದಿನೈದು ನಿಮಿಷದ್ದು. ಒತ್ತಡ ಏರಿದಂತೆ ಕಿವಿಯ ತಮಟೆ ಒಳಕ್ಕೆ ಜಗ್ಗುತ್ತದೆ. ಹುಡುಗಿಯಾಗಿದ್ದಾಗ ತವರೂರು ಬಾಳೆಹೊಸೂರಿನ ಬಾವಿಯಲ್ಲಿ ತಳ ಮುಟ್ಟಿಬರಲು ಮುಳುಗಿದಾಗ ಆಗುತ್ತಿದ್ದ ಹಾಗೆ. ಕಿವಿಯಿಂದ ಗಂಟಲಿಗೆ ಒಂದು ಸಣ್ಣ ಕೊಳವೆ ಇದೆ, ಅದನ್ನು ತೆರೆದು ಒಳಗೂ ಹವೆ ಬಿಡಬೇಕು ಎಂದು ಸಾಯಿಮಾ ತಿಳಿಸಿ ಹೇಳಿದಳು. ಮೂಗು ಹಿಡಿದು ಮೆಲ್ಲಗೆ ಊದಬೇಕು, ಇಲ್ಲವೆ ಗುಟುಕರಿಸಬೇಕು, ಇಲ್ಲವೆ ದವಡೆ ಆಡಿಸಿ ಆಕಳಿಸಬೇಕು. ಮೂವತ್ತು ವರ್ಷದ ಕಾಳಿನ ಧೂಳು ತುಂಬಿದ ಗದಿಗೆವ್ವನ ಮೂಗಿನಿಂದ ಊದುವುದು ಆಗಲಿಲ್ಲ. ಕೊಟ್ಟ ಹನಿಮದ್ದೂ ಮುಟ್ಟಲಿಲ್ಲ. ಗುಟುಕರಿಸಿದರೆ ಅರ್ಧ ತೆರೆಯಿತು. ಆಕಳಿಕೆಯೊಂದೇ ಕೈಹಿಡಿಯಿತು. ದವಡೆ ಟಕ್ಕೆನ್ನುವವರೆಗೆ ಬಾಯಿ ತೆರೆದು, ನಾಲಗೆ ಚಾಚಿ, ಹಾ ಎಂದು ಉಸಿರೆಳೆದರೆ ಎರಡೂ ಕಿವಿ ಪಟ್ಟನೆ ಬಿಡುತ್ತಿದ್ದವು. ಮೊದಲ ಐದು ದಿನ ಅವಳು ಅಂಥ ಆಕಳಿಕೆಗಳನ್ನು ಇಪ್ಪತ್ತು, ಮೂವತ್ತು ತೆಗೆದಳು. ಪಕ್ಕದಲ್ಲಿ ಕೂಡುತ್ತಿದ್ದ ಶಿರಹಟ್ಟಿಯ ನಿವೃತ್ತ ಮಾಸ್ತರು ಸಹ ಅವಳನ್ನು ನೋಡಿ ಆಕಳಿಸಿ, ತಮ್ಮ ಕಿವಿಯೂ ಬಿಟ್ಟಿತೆಂದು ನಕ್ಕರು. ಇದೇನು ಮಹಾ ಚಿಕಿತ್ಸೆ ಅನಿಸಿತ್ತು ಗದಿಗೆವ್ವನಿಗೆ.

ಆರನೆಯ ದಿನ ಎದುರಿನ ಬಾಕಿಗೆ ಹೊಸಬರು ಬರುತ್ತಾರೆಂದು ಸಾಯಿಮಾ ಹೇಳಿದ್ದಳು. ಬಲ ಹಿಮ್ಮಡಿಗೆ ಬ್ಯಾಂಡೇಜು ಕಟ್ಟಿಕೊಂಡು, ಲಿಂಗದ ಬೆಳ್ಳಿ ಕರಡಿಗೆ ಮನೆಯಲ್ಲಿಟ್ಟು ಲಿಂಗವನ್ನು ಬಿಳಿ ಅರಿವೆಯಲ್ಲಿ ಕೊರಳಿಗೆ ಕಟ್ಟಿಕೊಂಡು, ಆಸ್ಪತ್ರೆಯ ಮೋಟು ಅಂಗಿಯಲ್ಲಿ ಬಗ್ಗಿ ಒಳಗೆ ಬಂದವರು ಚನ್ನಬಸವಣ್ಣನವರು. ಅವರಿಗೂ ಅದೇ ಸಕ್ಕರೆ, ಹೊಲದಲ್ಲಿ ಹತ್ತಿಯ ಕಟ್ಟಿಗೆಯ ಕೂಳೆ ಹಿಮ್ಮಡಿಗೆ ಚುಚ್ಚಿದ್ದನ್ನು ನೋಡಿಕೊಂಡಿರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ, ನೋಡದವರ ಹಾಗೆ ಕೈ ಮುಗಿದರು. ಗದಿಗೆವ್ವನ ಕೈ ತಲೆಗೆ ಹೋಯಿತು. ಅಲ್ಲಿ ಸೆರಗಿರಲಿಲ್ಲ, ಹತ್ತಿಯ ಟೊಪ್ಪಿಗೆ ಇತ್ತು. ಮೊಣಕಾಲ ತನಕ ಅಂಗಿ ಹಾಕಿಕೊಂಡು ಬೀಗರ ಎದುರು ಕೂಡುವ ದಿನ ಬರುತ್ತದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಅಯ್ಯೂಬ ಬಾಗಿಲು ಎಳೆದ.

ಹವೆ ನುಗ್ಗಿತು. ಕಿವಿ ತುಂಬಿಬಂತು. ದವಡೆ ತಾನಾಗಿಯೇ ತೆರೆಯಲು ಹೋಯಿತು, ಅವಳು ಹಲ್ಲು ಕಚ್ಚಿದಳು. ಒಂದು ಗೇಣಿನ ಆಚೆ ಬೀಗರ ಮೊಣಕಾಲು. ಅಲ್ಲಿ ನಾಲಗೆ ಚಾಚಿ ಹಾ ಎನ್ನುವುದೆ? ಸಾಯಿಮಾ ಕೊಟ್ಟಿದ್ದ ಹೊದಿಕೆಯನ್ನು ಮುಖಕ್ಕೆ ಎಳೆದುಕೊಂಡರೆ, ಮುಖ ಮುಚ್ಚುವಂತಿಲ್ಲ, ನನಗೆ ಕಾಣಬೇಕು ಎಂದು ಸಾಯಿಮಾ ಅದನ್ನು ಮೆಲ್ಲಗೆ ಸರಿಸಿದಳು. ಗದಿಗೆವ್ವ ಕೈ ಅಡ್ಡ ಹಿಡಿದು ಸಣ್ಣಗೆ ಆಕಳಿಸಲು ಪ್ರಯತ್ನಿಸಿದಳು. ದವಡೆ ಟಕ್ಕೆಂದಿತು, ಆ ಉಕ್ಕಿನ ಕೋಣೆಯಲ್ಲಿ ಅದು ಬಾಗಿಲು ಬಡಿದಷ್ಟು ದೊಡ್ಡದಾಗಿ ಕೇಳಿ ಬೀಗರು ತಲೆ ಎತ್ತಿದರು. ಅವಳು ತಟ್ಟನೆ ಬಾಯಿ ಮುಚ್ಚಿದಳು. ಆಮೇಲೆ ಬರಿ ಗುಟುಕರಿಸಿದಳು, ಉಗುಳು ಒಣಗುವವರೆಗೆ. ನೋವು ಕಿವಿಯಿಂದ ದವಡೆಗೆ, ದವಡೆಯಿಂದ ಹಲ್ಲಿಗೆ, ಅಲ್ಲಿಂದ ಕಣ್ಣ ಹಿಂದಕ್ಕೆ ಇಳಿಯಿತು.

ಕಿವಿ ಹೇಗಿವೆ ಎಂದು ಸಾಯಿಮಾ ಕೇಳಿದರೆ ಚಲೋ ಇವೆ ಎಂದು ತಲೆಯಾಡಿಸಿದಳು. ನೋವಾದರೆ ಕೈ ಎತ್ತಬೇಕು ಎನ್ನುವುದು ಅವಳಿಗೆ ಗೊತ್ತಿತ್ತು. ಕೈ ಎತ್ತಿದರೆ ಅಯ್ಯೂಬ ಒತ್ತಡ ನಿಲ್ಲಿಸಿ ಸ್ವಲ್ಪ ಹಿಂದಕ್ಕೆ ಇಳಿಸುತ್ತಾನೆ. ಆಮೇಲೆ ಸಾಯಿಮಾ ಎಲ್ಲರ ಮುಂದೆ ಆಕಳಿಸಿರಿ ಅನ್ನುತ್ತಾಳೆ, ದಿನಾ ಆಕಳಿಸುತ್ತಿದ್ದಿರಲ್ಲ ಅನ್ನುತ್ತಾಳೆ, ಮಾಸ್ತರು ನಗುತ್ತಾರೆ. ಆ ನಗು ಸಂಜೆಗೆ ಡಂಬಳದ ಮೇಲೆ ಹೋಗುವ ಬಸ್ಸಿನಲ್ಲಿ ಮುಂಡರಗಿ ಮುಟ್ಟುತ್ತದೆ, ನಾಳೆ ಮಗಳ ರೊಟ್ಟಿಯ ಕಲ್ಲಿನ ಮುಂದೆ ಹೋಗಿ ನಿಲ್ಲುತ್ತದೆ. ಇಷ್ಟನ್ನೂ ಅವಳು ಆ ನೋವಿನ ನಡುವೆಯೇ ಲೆಕ್ಕ ಹಾಕಿದಳು. ಬಾಗಿಲು ತೆರೆಯುವಂತಿಲ್ಲ, ಬಾಯಿ ತೆರೆಯುವಂತಿಲ್ಲ, ಕೈ ಎತ್ತುವಂತಿಲ್ಲ. ಎರಡೂ ಕೈ ಅಂಗಿಯ ಅಂಚನ್ನು ಮುದ್ದೆಮಾಡಿ ಹಿಡಿದವು. ಹೊರಗೆ ಬಂದಾಗ ಜಗತ್ತು ಹತ್ತಿ ತುರುಕಿದಂತೆ ದೂರದಲ್ಲಿ ಮಾತಾಡುತ್ತಿತ್ತು.

ಬೇರೆ ಹೊತ್ತಿಗೆ ಹಾಕಿ ಎಂದು ಕೇಳಿದಳು. ಸಂಜೆಯ ಗುಂಪು ತುಂಬಿತ್ತು, ಇನ್ನೊಂದು ಗುಂಪೇ ಇರಲಿಲ್ಲ. ಬಿಟ್ಟರೆ ಕಾಲು, ಹೋದರೆ ಕಿವಿ. ಏಳನೆಯ ದಿನವೂ ಹೋದಳು, ಎಂಟನೆಯ ದಿನವೂ ಹೋದಳು. ಎಷ್ಟೋ ಲಾರಿಗಳನ್ನು ನಡುರಸ್ತೆಯಲ್ಲಿ ನಿಲ್ಲಿಸಿ ಜಗಳ ತೆಗೆದ ಹೆಂಗಸು ಆ ಟಾಕಿಯ ಬಾಗಿಲಲ್ಲಿ ಎಲ್ಲರಿಗೂ ದಾರಿ ಬಿಟ್ಟು ಕೊನೆಗೆ ಬಗ್ಗುತ್ತಿದ್ದಳು.

ಒಂಬತ್ತನೆಯ ದಿನ ಅವಳು ನಮ್ಮ ಕಡೆ ಪ್ರತಿ ಮನೆಯಲ್ಲೂ ಮಾಡುವುದನ್ನು ಮಾಡಿದಳು. ಬಳ್ಳೊಳ್ಳಿ ಹಾಕಿ ಕಾಸಿದ ಕುಸುಬಿ ಎಣ್ಣೆಯನ್ನು ಬೆಳಿಗ್ಗೆ ಎರಡೂ ಕಿವಿಗೆ ಬಿಟ್ಟು, ಅರಳೆ ಇಟ್ಟುಕೊಂಡು ಬಂದಳು. ಬಾಗಿಲ ಬಳಿ ಅಯ್ಯೂಬನ ಮೂಗಿಗೆ ಅದರ ವಾಸನೆ ಬಡಿಯಿತು. ಆಕ್ಸಿಜನ್ ತುಂಬಿದ ಕೋಣೆಗೆ ಎಣ್ಣೆ ತರುವುದೆಂದರೆ ಬೆಂಕಿ ತಂದಂತೆ, ಒಳಗಿನವರೆಲ್ಲ ಸುಟ್ಟು ಹೋಗುತ್ತಿದ್ದಿರಿ ಎಂದು ಅವನು ಎಲ್ಲರೆದುರಿಗೆ ಗದರಿದ. ಅವನು ಗದರಿದ್ದು ಸರಿಯಾಗಿಯೇ ಇತ್ತು. ಕಿವಿ ನೋಯುತ್ತಿತ್ತೇ, ಹೇಳಬೇಕಿತ್ತಲ್ಲ ಎಂದು ಸಾಯಿಮಾ ಕೇಳಿದಳು. ಗದಿಗೆವ್ವ, ರಾತ್ರಿ ಸ್ವಲ್ಪ ನೆಗಡಿಯಾಗಿತ್ತು ಅಷ್ಟೇ ಎಂದು ಹೇಳಿ ಅಂದಿನ ಸರದಿ ಕಳೆದುಕೊಂಡು ವಾಪಸು ಹೋದಳು. ಚನ್ನಬಸವಣ್ಣನವರು ಬಾಕಿನ ಮೇಲೆ ಕೂತು ಇದೆಲ್ಲವನ್ನೂ ಕೇಳಿಸಿಕೊಂಡಿದ್ದರು.

ಹತ್ತನೆಯ ದಿನ ಒತ್ತಡ ಏರಲು ಶುರುವಾಗಿ ನಾಲ್ಕು ನಿಮಿಷ ಆಗಿರಬೇಕು, ಚನ್ನಬಸವಣ್ಣನವರು ಕೈ ಎತ್ತಿದರು.

ಅಯ್ಯೂಬ ಹವೆ ನಿಲ್ಲಿಸಿದ, ಒಂದಿಷ್ಟು ಇಳಿಸಿದ. ಗದಿಗೆವ್ವನ ಕಿವಿಯ ಬಿಗಿ ಸಡಿಲಾಯಿತು, ಗುಟುಕರಿಸಿದರೆ ಸಣ್ಣಗೆ ಪಟ್ ಎಂದಿತು. ಮತ್ತೆ ನಿಧಾನ ಏರಿಸಿದರು. ಅವರು ಮತ್ತೆ ಕೈ ಎತ್ತಿದರು. ಹೀಗೆ ನಾಲ್ಕು ಸಲ. ಹದಿನೈದು ನಿಮಿಷದ್ದು ನಲವತ್ತು ನಿಮಿಷವಾಯಿತು. ಆದರೆ ಐದು ದಿನದಲ್ಲಿ ಮೊದಲ ಸಲ ಗದಿಗೆವ್ವ ಕಣ್ಣೀರಿಲ್ಲದೆ ಆ ಒತ್ತಡದ ತಳ ಮುಟ್ಟಿದಳು. ಪಾಪ, ಬೀಗರ ಕಿವಿಯೂ ನನ್ನ ಕಿವಿಯ ಹಾಗೇ ಎಂದು ಅವಳಿಗೆ ಕನಿಕರವಾಯಿತು.

ಮರುದಿನವೂ ಅದೇ. ಅಂದು ಅವಳು ಒಂದು ವಿಷಯ ಗಮನಿಸಿದಳು. ಬೀಗರು ಅಯ್ಯೂಬನ ಕಿಟಕಿಯನ್ನು ನೋಡುತ್ತಿರಲಿಲ್ಲ, ಸಾಯಿಮಾಳನ್ನೂ ನೋಡುತ್ತಿರಲಿಲ್ಲ. ತಲೆ ಬಗ್ಗಿಸಿ ನೋಡುತ್ತಿದ್ದದ್ದು ಅವಳ ಕೈಗಳನ್ನು. ಹನ್ನೆರಡನೆಯ ದಿನ ಪರೀಕ್ಷೆ ಮಾಡಿದಳು. ನೋವು ಶುರುವಾದರೂ ಬೆರಳು ಸಡಿಲ ಬಿಟ್ಟು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಅವರ ಕೈ ಏಳಲಿಲ್ಲ. ತಾಳಲಾರದೆ ಅಂಗಿಯ ಅಂಚನ್ನು ಹಿಡಿದಳು. ಅವರ ಕೈ ಎದ್ದಿತು.

ಅವಳಿಗೆ ನಾಚಿಕೆಯಾಯಿತು, ಎದೆ ತುಂಬಿಯೂ ಬಂತು. ಬೀಗತಿಯ ಕಿವಿ ನೋಯುತ್ತಿದೆ ಎಂದು ಪರರ ಮುಂದೆ ಆಡುವುದು ಆ ಗಂಡಸಿನ ರೀತಿಯಲ್ಲ. ತನ್ನದೇ ನೋಯುತ್ತಿದೆ ಅನ್ನುವುದು ಸುಲಭವಾಗಿ ಕಂಡಿರಬೇಕು. ಇಷ್ಟು ತಿಳಿದ ಮೇಲೆ ಅವಳು ಬಾಯಿ ತೆರೆದು ಆಕಳಿಸಿಬಿಡಬೇಕಿತ್ತು. ಆಕಳಿಸಲಿಲ್ಲ. ಮರುದಿನದಿಂದ ಅವಳು ಬೆರಳುಗಳನ್ನು ಸ್ವಲ್ಪ ಬೇಗನೆ ಮಡಚತೊಡಗಿದಳು, ನೋವು ಪೂರಾ ಬರುವ ಮೊದಲೇ. ಈ ಮಾತು ಬರೆಯುವಾಗ ನನಗೇ ಅವಳ ಮೇಲೆ ಸಿಟ್ಟು ಬರುತ್ತದೆ.

ಮಾಸ್ತರ ತಾಳ್ಮೆ ಕೆಟ್ಟಿತು. ಒಬ್ಬರ ಸಲುವಾಗಿ ಐದು ಜನ ದಿನಾ ಅರ್ಧ ತಾಸು ಬೇಯಬೇಕೇ, ಸಂಜೆಯ ಗುಂಪಿನವರೂ ಕಾಯಬೇಕೇ ಎಂದು ಡಾಕ್ಟರ ಹತ್ತಿರ ದೂರು ಹೋಯಿತು. ಹದಿನೈದನೆಯ ದಿನ ಒಳಗೆ ಹೋಗುವ ಮುನ್ನ ಡಾಕ್ಟರು ಬಂದು, ಟಾಕಿಯ ಬಾಗಿಲಲ್ಲೇ ಚನ್ನಬಸವಣ್ಣನವರನ್ನು ನಿಲ್ಲಿಸಿ ಎರಡೂ ಕಿವಿಗೆ ದೀಪ ಹಿಡಿದು ನೋಡಿದರು. ಚಿಕ್ಕ ಹುಡುಗರ ಕಿವಿಯ ಹಾಗಿವೆ, ಒಂದು ಕೆಂಪು ಗೆರೆಯೂ ಇಲ್ಲ ಅಂದರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, ಇದು ಕಿವಿಯ ನೋವಲ್ಲ, ಮುಚ್ಚಿದ ಕೋಣೆಯ ಅಂಜಿಕೆ ಎಂದು ಕಾಣುತ್ತದೆ, ಏನಂತೀರಿ ಎಂದು ಕೇಳಿದರು. ಅಂಜಿಕೆಯಾದರೆ ಬಲವಂತ ಮಾಡುವುದಿಲ್ಲ, ಚಿಕಿತ್ಸೆಯನ್ನು ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು ಅಂದರು.

ನಲವತ್ತು ಎಕರೆಯ ಒಡೆಯ, ಊರಿನ ನಾಲ್ಕು ಜನರ ನ್ಯಾಯ ಬಗೆಹರಿಸುವವರು, ಮೋಟು ಅಂಗಿಯಲ್ಲಿ ನಿಂತಿದ್ದರು. ಗದಿಗೆವ್ವ ಅವರ ಹಿಂದೆ ಎರಡು ಮಾರು ದೂರದಲ್ಲಿದ್ದಳು. ಆ ಕಿವಿ ನನ್ನದು ಎಂಬ ಒಂದು ಮಾತು ಸಾಕಾಗಿತ್ತು. ಅಂದರೆ ಎಲ್ಲರೂ ಏಕೆ ಎಂದು ಕೇಳುತ್ತಾರೆ. ಬೀಗರ ಮುಂದೆ ಆಕಳಿಸಲು ಆಗಲಿಲ್ಲ ಎಂದು ಹೇಳಬೇಕಾಗುತ್ತದೆ. ಇದಿಷ್ಟೇ ಆಗಿದ್ದರೆ ಅವಳು ಹೇಳಿಬಿಡುತ್ತಿದ್ದಳೋ ಏನೋ. ಆದರೆ ಇನ್ನೊಂದು ಯೋಚನೆ ಅದರ ಮಗ್ಗುಲಲ್ಲೇ ಎದ್ದು ಬಂತು: ಆ ಎದುರಿನ ಜಾಗ ಖಾಲಿಯಾದರೆ ನನ್ನ ಬಾಯಿ ನನಗೆ ಸಿಗುತ್ತದೆ, ನನ್ನ ಕಾಲು ಉಳಿಯುತ್ತದೆ.

ಚನ್ನಬಸವಣ್ಣನವರು ಹಿಂತಿರುಗಿ ನೋಡಲಿಲ್ಲ. "ಅಂಜಿಕಿ ಅಂತನ ಬರಕೊರ್ರಿ" ಅಂದರು. ಕೊರಳಿನ ಬಿಳಿ ಅರಿವೆಯನ್ನು ಒಮ್ಮೆ ಮುಟ್ಟಿಕೊಂಡು, ಕುಂಟುತ್ತ ಬಟ್ಟೆ ಬದಲಿಸುವ ಕೋಣೆಗೆ ಹೋದರು.

ಅಂದು ಗದಿಗೆವ್ವ ಆಕಳಿಸಿದಳು. ಕಿವಿಗಳು ಒಂದೇ ಸಲಕ್ಕೆ ಬಿಟ್ಟವು. ಅದಾದ ಮೇಲೆ ಒಂದು ದಿನವೂ ನೋಯಲಿಲ್ಲ. ಎದುರಿನ ಜಾಗಕ್ಕೆ ಯಾರೂ ಬರಲಿಲ್ಲ, ಅವಳು ಆ ಖಾಲಿ ಜಾಗದ ಎದುರು ದವಡೆ ಟಕ್ಕೆನ್ನುವ ಹಾಗೆ ಬಾಯಿ ತೆರೆದು ಕೂಡುತ್ತಿದ್ದಳು. ಆದರೂ ಟಾಕಿಯಿಂದ ಹೊರಬಂದ ಹಾಗೆ ಅನಿಸುತ್ತಿರಲಿಲ್ಲ. ಬಸ್ಸಿನಲ್ಲಿ, ಗಾದಿಯ ಮೇಲೆ, ಊಟದ ತಾಟಿನ ಮುಂದೆ, ಸುತ್ತಲೂ ಆ ಬಿಳಿ ಉಕ್ಕಿನ ಗೋಡೆಯೇ ನಿಂತಂತೆ ಇರುತ್ತಿತ್ತು. ಗಾಯದ ಅಂಚು ಗುಲಾಬಿ ಬಣ್ಣಕ್ಕೆ ತಿರುಗಿತು. ಡಾಕ್ಟರು ಸಾಯಿಮಾಳನ್ನು ಕರೆದು ತೋರಿಸಿ ಸಂತೋಷಪಟ್ಟರು. ಗದಿಗೆವ್ವನಿಗೂ ಸಂತೋಷವಾಯಿತು, ಅದೇ ಅವಳನ್ನು ಹೆಚ್ಚು ಕಾಡಿತು.

ಇಪ್ಪತ್ತೊಂದನೆಯ ದಿನ ವಾಣಿಶ್ರೀಗೆ ಫೋನು ಮಾಡಿ, ಸುತ್ತುಬಳಸಿ ಮಾವನವರ ಕಾಲಿನ ವಿಚಾರ ಕೇಳಿದಳು. ಊರಲ್ಲೇ ಡ್ರೆಸ್ಸಿಂಗ್ ಮಾಡಿಸುತ್ತಿದ್ದಾರೆ, ಹಿಮ್ಮಡಿ ಕಪ್ಪಾಗುತ್ತಿದೆ, ಹುಬ್ಬಳ್ಳಿಗೆ ಹೋಗೋಣವೆಂದರೆ ಕೇಳುತ್ತಿಲ್ಲ ಎಂದು ಮಗಳು ಹೇಳಿದಳು. ಆ ಕಪ್ಪು ಬಣ್ಣವನ್ನು ಗದಿಗೆವ್ವ ನಾಲ್ಕು ದಿನ ತಲೆಯಲ್ಲಿ ಹೊತ್ತು ತಿರುಗಿದಳು. ಐದನೆಯ ದಿನ ಟಾಕಿಗೆ ಹೋಗುವ ಮುನ್ನ ಡಾಕ್ಟರ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಬೆರಳು ಮಡಚಿದ್ದರ ತನಕ ಎಲ್ಲವನ್ನೂ ಹೇಳಿದಳು. ಡಾಕ್ಟರು ಚನ್ನಬಸವಣ್ಣನವರ ಚೀಟಿ ಹುಡುಕಿ ತೆಗೆದರು. ಬೈದರೆ ಚಲೋ ಇತ್ತು. ಅವರು ಫೋನು ತೆಗೆದು ನಂದೀಶನಿಗೆ ಹಚ್ಚಿ, ತಂದೆಯನ್ನು ನಾಳೆಯೇ ಕರೆತನ್ನಿ, ಮತ್ತೆ ಶುರುಮಾಡೋಣ ಅಂದರು. ಆ ಕಡೆಯಿಂದ ಬಂದ ಉತ್ತರವನ್ನು ಕೇಳಿ ಫೋನು ಕೆಳಗಿಟ್ಟರು. ಮೊನ್ನೆ ರಾತ್ರಿ ಜ್ವರ ಏರಿ ಪ್ರಜ್ಞೆ ತಪ್ಪಿದ್ದರಂತೆ. ಹುಬ್ಬಳ್ಳಿಗೆ ಒಯ್ದಿದ್ದರು. ನಿನ್ನೆ ಮೊಣಕಾಲ ಕೆಳಗೆ ಕಡಿದಿದ್ದರು.

ಗದಿಗೆವ್ವ ಮೂವತ್ತೂ ಮುಗಿಸಿದಳು. ನಡುವೆ ಬಿಟ್ಟರೆ ಎರಡು ಕಾಲು ಹೋದಂತಾಗುತ್ತದೆ ಎಂದು ಸಾಯಿಮಾ ಬುದ್ಧಿ ಹೇಳಿ ಕೂಡಿಸಿದಳು. ಮಾರ್ಚ್ ಕೊನೆಗೆ ಗಾಯ ಪೂರಾ ಮಾಯಿತು. ನಡೆಯಲು ಅಪ್ಪಣೆ ಸಿಕ್ಕ ವಾರವೇ ಅವಳು ಒಬ್ಬಳೇ ಮುಂಡರಗಿಗೆ ಹೋದಳು.

ಬಾಗಿಲಲ್ಲಿ ವಾಣಿಶ್ರೀ ಕಾಲ್ದೊಳೆಯಲು ತಂಬಿಗೆ ನೀರು ತಂದಿಟ್ಟಳು. ಬಂದವರಿಗೆ ಕಾಲಿಗೆ ನೀರು ಕೊಡುವುದು ನಮ್ಮ ಕಡೆಯ ಮೊದಲ ಮರ್ಯಾದೆ. ಗದಿಗೆವ್ವ ಚಪ್ಪಲಿ ಕಳಚಿ ಎಡಗಾಲಿಗೆ ಹಾಕಿಕೊಂಡಳು, ಆಮೇಲೆ ಮೂರು ಬೆರಳಿನ ಬಲಗಾಲಿಗೆ ಹಾಕಿಕೊಂಡಳು. ಪಡಸಾಲೆಯ ಮಂಚದ ಮೇಲೆ ದಿಂಬಿಗೆ ಒರಗಿ ಚನ್ನಬಸವಣ್ಣನವರು ಕೂತಿದ್ದರು. ಕೌದಿಯ ಕೆಳಗೆ ಎಡಗಾಲು ಉದ್ದಕ್ಕೆ ಕಾಣುತ್ತಿತ್ತು, ಬಲಗಾಲು ಅರ್ಧಕ್ಕೆ ನಿಂತಿತ್ತು. ಪಕ್ಕದಲ್ಲಿ ಅವರ ಹೆಂಡತಿ. ಆ ತಾಯಿ ಈ ನಾಲ್ಕು ತಿಂಗಳಲ್ಲಿ ಬಹಳ ಇಳಿದುಹೋಗಿದ್ದರು, ದನಿಯಲ್ಲಿ ಮೊದಲಿನ ಮೊನೆ ಇರಲಿಲ್ಲ.

"ನಿಮ್ಮ ಕಿವಿ ಗಟ್ಟಿ ಇದ್ದುವು, ಉಳಕೊಂಡ್ರಿ" ಅಂದರು ಅವರು. "ನಮ್ಮವರಿಗೆ ಅಂಜಿಕಿ ಬಂತಂತ."

ಗದಿಗೆವ್ವ ಕೂಡಲಿಲ್ಲ. ನಿಂತೇ ಹೇಳಿದಳು.

"ಅವರಿಗೆ ಅಂಜಿಕಿನೂ ಇದ್ದಿದ್ದಿಲ್ಲ, ಕಿವಿನೂ ನೊಂದಿದ್ದಿಲ್ಲ. ಕಿವಿ ನಂದು. ನನ್ನ ಸಲುವಾಗಿ ಕೈ ಎತ್ತಿದ್ರು. ನನಗದು ಗೊತ್ತಿತ್ತು. ಡಾಕ್ಟರ್ ಕೇಳಿದಾಗ ನಾ ಬಾಯಿ ಬಿಡಲಿಲ್ಲ."

ಹೆಂಡತಿ ಗಂಡನ ಮುಖ ನೋಡಿದರು. ಅವರು ಇಲ್ಲ ಅನ್ನಲಿಲ್ಲ. ಹೆಂಡತಿ ಎದ್ದು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ವಾಣಿಶ್ರೀ ಖಾಲಿ ತಂಬಿಗೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಮಗಳ ಕಣ್ಣಿನಲ್ಲಿ ಏನಿದೆ ಎಂದು ನೋಡುವ ಧೈರ್ಯ ಗದಿಗೆವ್ವನಿಗೆ ಆಗಲಿಲ್ಲ.

ಚನ್ನಬಸವಣ್ಣನವರು ಕೌದಿಯ ಅಂಚನ್ನು ಸರಿಮಾಡಿಕೊಂಡರು. ಆಮೇಲೆ ಬೀಗತಿಯೊಂದಿಗೆ ಎಂದೂ ನೇರ ಮಾತಾಡದ ಆ ಮನುಷ್ಯ ನೇರವಾಗಿ ಮಾತಾಡಿದರು. "ಹತ್ತು ನಿಮಿಷ ತಡ ಆಕ್ಕೈತಿ, ಅಷ್ಟ ಅಂತ ಮಾಡಿದ್ದೆ. ಕಾಲು ಹೊಕ್ಕೈತಿ ಅಂತ ಗೊತ್ತಿದ್ರ ಕೈ ಎತ್ತತಿದ್ದಿಲ್ರಿ."

ಗದಿಗೆವ್ವ ತಲೆಯಾಡಿಸಿದಳು. ಅದು ಖರೆ ಮಾತು ಎಂದು ಅವಳಿಗೆ ಗೊತ್ತಿತ್ತು.

"ನಿಮ್ಮದು ಪೂರಾ ಮಾದೈತೇನು?"

"ಮಾದೈತ್ರಿ."

"ಹಂಗಾದ್ರ ಒಂದೀಟು ನಡದು ತೋರಸ್ರಿ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಕೊಟ್ಟ ಬೆಲೆಗೆ ಬಂದ ಮಾಲನ್ನು ಒಮ್ಮೆ ನೋಡಬೇಕು ಎನ್ನುವ ರೈತನ ದನಿ ಇತ್ತು. ಬೈದಿದ್ದರೆ, ಹೊರಗೆ ನಡೆ ಅಂದಿದ್ದರೆ, ಅವಳು ಬದುಕಿಕೊಳ್ಳುತ್ತಿದ್ದಳು. ಗದಿಗೆವ್ವ ಸೀರೆಯ ನಿರಿಗೆಯನ್ನು ಸ್ವಲ್ಪ ಮೇಲಕ್ಕೆ ಹಿಡಿದಳು, ಅವರಿಗೆ ಪಾದ ಕಾಣಲಿ ಎಂದು. ಮಂಚದಿಂದ ತಲಬಾಗಿಲ ತನಕ ನಡೆದಳು. ಹೊರಗೆ ಬಿಸಿಲಿತ್ತು, ಮೆಟ್ಟಿಲ ಕೆಳಗೆ ಅವಳ ಚಪ್ಪಲಿಗಳಿದ್ದವು, ಓಣಿಯ ತುದಿಯಲ್ಲಿ ಗದಗದ ಬಸ್ಸು ಹಾರ್ನ್ ಹಾಕುತ್ತಿತ್ತು. ಅವಳು ತಿರುಗಿದಳು. ಅಷ್ಟೇ ಹೆಜ್ಜೆ ಇಟ್ಟು ಮಂಚದ ಹತ್ತಿರ ವಾಪಸು ಬಂದು ನಿಂತಳು. ಚನ್ನಬಸವಣ್ಣನವರು ಇಡೀ ಹೊತ್ತು ಆ ಪಾದವನ್ನೇ ನೋಡುತ್ತಿದ್ದರು.

"ಇನ್ನೊಮ್ಮಿ" ಅಂದರು.

ಗದಿಗೆವ್ವ ಮತ್ತೆ ನಡೆದಳು.